ಜಾಡಿಯೊಳಗಿನ ಉಸಿರು

ಕಳಿತ ನೇರಳೆಹಣ್ಣಿನ ವಾಸನೆ ಬಂದರೆ ಈಗಲೂ ನನ್ನ ಬಲಗಿವಿ ತಣ್ಣಗಾಗುತ್ತದೆ.

ವೈನ್ ಫ್ಯಾಕ್ಟರಿಯಲ್ಲಿ ಆಯುಷ್ಯವೆಲ್ಲ ದುಡಿದು ನಮ್ಮೂರು ಯಗಟಿಗೆ ಮರಳಿದ ದೊಡ್ಡಪ್ಪ ಮನೆಯಲ್ಲೂ ನೇರಳೆ ವೈನ್ ಮಾಡುತ್ತಿದ್ದ. ಆ ಸಲ ಹಣ್ಣು ಕಿವುಚಿದ್ದು ದೊಡ್ಡಮ್ಮ. ಅದೇ ವಾರ ತೀರಿಕೊಂಡಳು. ಮಣ್ಣು ಮಾಡುವಾಗಲೂ ಅವಳ ಬೆರಳುಗಳ ನೇರಳೆ ಕಲೆ ಹೋಗಿರಲಿಲ್ಲ.

ತಿಥಿ ಮುಗಿದ ಮಧ್ಯಾಹ್ನ ದೊಡ್ಡಪ್ಪ ನನ್ನ ಬಲಗಿವಿಯನ್ನು ಆ ಹಣ್ಣು ಹುಳಿಯುತ್ತಿದ್ದ ತಣ್ಣನೆಯ ಪಿಂಗಾಣಿ ಜಾಡಿಗೆ ಒತ್ತಿ ಹಿಡಿದ. ಒಳಗೆ ಏನೋ ಗುಳುಗುಳು ಉಸಿರಾಡುತ್ತಿತ್ತು.

"ನಿಮ್ ದೊಡ್ಡಮ್ಮ ಕಣೇ," ಎಂದ.

ಬಾಗಿಲಲ್ಲಿ ನಿಂತಿದ್ದ ಅಮ್ಮ, "ಭಾವ, ಹುಳಿ ಬಂದಿದ್ದು ಸಾಕು, ಸೋಸ್ಬಿಡಿ," ಎಂದಳು.

"ಸೋಸಿದ್ರೆ ಸುಮ್ನಾಗ್ಬಿಡ್ತಾಳೆ," ಎಂದು ದೊಡ್ಡಪ್ಪ ಜಾಡಿಗೆ ಇನ್ನೊಂದು ಹಿಡಿ ಬೆಲ್ಲ ಹಾಕಿದ. ಸದ್ದು ಜೋರಾಯಿತು.

ಮರುದಿನದಿಂದ ಸದ್ದು ಇಳಿದಾಗಲೆಲ್ಲ, ಅಮ್ಮನ ಕಣ್ಣು ತಪ್ಪಿಸಿ, ಅಡುಗೆಮನೆಯ ಬೆಲ್ಲ ಕದ್ದು ತಂದು ಹಾಕಿದವಳು ನಾನೇ.