ಹೊಸ ಕ್ಯಾಪ್ಟನ್ನಿನ ಪರವಾಗಿ

ಫೋನಿನ ಗುಂಪಿನಲ್ಲಿ ನಾನು ಚಿಕ್ಕವಳಿದ್ದಾಗ ಟೀವಿಯಲ್ಲಿ ಬರುತ್ತಿದ್ದ ಆಕಾಶನೌಕೆ ಧಾರಾವಾಹಿಯ ಅಭಿಮಾನಿಗಳು ಯಾವ ಕ್ಯಾಪ್ಟನ್ ಚಲೋ ಎಂದು ಜಗಳಕ್ಕಿಳಿದರೆ, ಈಗಲೂ ನನ್ನ ಮೂಗಿಗೆ ಹುರಿದ ಶೇಂಗಾದ ವಾಸನೆ ಬಡಿಯುತ್ತದೆ.

ಜೇವರ್ಗಿಯ ನಮ್ಮ ಓಣಿಯ ಮಕ್ಕಳೆಲ್ಲ ರವಿವಾರ ಮಧ್ಯಾಹ್ನ ಗೌರಕ್ಕನ ಮನೆಯ ತಣ್ಣನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಕೂತು ಅದನ್ನು ನೋಡುತ್ತಿದ್ದೆವು. ವರ್ಷಗಟ್ಟಲೆ ನೌಕೆ ನಡೆಸಿದ್ದ ಕ್ಯಾಪ್ಟನ್ ಸತ್ತು, ಒಂದು ರವಿವಾರ ಅವನ ಜಾಗಕ್ಕೆ ಹೊಸಬ ಬಂದ. ಆ ಕಂತು ಮುಗಿದ ಕೂಡಲೇ ಎಲ್ಲರೂ ಅವನನ್ನು ಬೈಯತೊಡಗಿದರು. ನಾನೊಬ್ಬಳೇ, "ಹೊಸಾಂವನೂ ಚಲೋ ಅದಾನ. ಪಾಪ, ಯಾರೂ ಮಾತಾಡಸವಲ್ರು ಅವನ್ನ," ಅಂದೆ.

ಹುಡುಗರು ಹೋ ಎಂದು ನಕ್ಕರು. ತೊಗರಿಬೇಳೆ ಆರಿಸುತ್ತಿದ್ದ ಗೌರಕ್ಕ ಮೊರದಿಂದ ಕಣ್ಣೆತ್ತದೆ, "ಹೌದವಾ. ನಿಮ್ಮವ್ವ ಹೋಗಿ ವರ್ಷ ಆಗಿಲ್ಲ, ಮನ್ಯಾಗ ಹೊಸಾಕಿ ಬಂದಾಳ. ನಿನಗ ಹಂಗೇ ಅನಸ್ತದ," ಅಂದಳು.

ನಗು ನಿಂತಿತು. ಎಲ್ಲರೂ ನನ್ನ ಮುಖವನ್ನೇ ನೋಡಿದರು.

"ಇಲ್ರಿ! ಹಳೇ ಕ್ಯಾಪ್ಟನ್ನೇ ಚಲೋ. ಹೊಸಾಂವ ಯಾಕರೆ ಬಂದನೋ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ತಿರುಗಿದರೆ, ಅಪ್ಪ ಆ ತಿಂಗಳಷ್ಟೇ ಕರೆತಂದಿದ್ದ ಚಿಕ್ಕವ್ವ ಹೊಸ್ತಿಲಾಚೆ ನಿಂತಿದ್ದಳು. ಸೆರಗಿನ ತುಂಬ ಆಗತಾನೆ ಹುರಿದ ಶೇಂಗಾ. ಒಳಗೆ ಬಂದು ಎಲ್ಲರಿಗೂ ಹಂಚಿದಳು. ನನ್ನ ಕೈಗೆ ಬೇರೆಯೇ ಒಂದು ಬಟ್ಟಲು ಕೊಟ್ಟು, "ಬಿಸಿ ಅದಾವ, ಸಾವಕಾಶ ತಿನ್ನು," ಅಂದು ಹೊರಟುಹೋದಳು.

ಉಳಿದವರು ಅಂಗೈಯಲ್ಲಿ ತಿಕ್ಕಿ ಕೆಂಪು ಸಿಪ್ಪೆ ಊದುತ್ತಿದ್ದರು. ನನ್ನ ಬಟ್ಟಲಿನಲ್ಲಿ ಒಂದು ಕಾಳಿಗೂ ಸಿಪ್ಪೆ ಇರಲಿಲ್ಲ.