ಬಿಚ್ಚದ ಹೊಲಿಗೆ

ಸುಲೋಚನಮ್ಮ ಹೊಸ ಕಾದಂಬರಿಯ ಮೇಲೆ ಕತ್ತರಿಯಿಟ್ಟು ಸೊಸೆ ಹೈಮಾವತಿಯ ಮುಂದೆ ಸರಿಸಿದರು. ಗವರ್ನರ್‌ಪೇಟೆಯ ಅವರ ಮಹಡಿ ಮನೆಯಲ್ಲಿ ಸೇರಿದ್ದ ನಾಲ್ಕು ಕನ್ನಡ ಮನೆಗಳವರು ಅವಳತ್ತ ತಿರುಗಿದರು. ಎಂಬತ್ತೇಳರ ವಿಜಯವಾಡದಲ್ಲಿ ಅವರಿಗೆ ಕನ್ನಡ ಪುಸ್ತಕ ಸಿಗುತ್ತಿರಲಿಲ್ಲ. ಯಾರಾದರೂ ಊರಿಂದ ತಂದ ಒಂದೇ ಪ್ರತಿಯ ಹೊಲಿಗೆ ಬಿಚ್ಚಿ, ನಾಲ್ಕು ಭಾಗ ಮಾಡಿ ಹಂಚಿಕೊಂಡು, ಅದಲುಬದಲು ಮಾಡಿ ಓದುತ್ತಿದ್ದರು. ಮುಂದಿನ ಪುಸ್ತಕ ಆರಿಸಿದವರೇ ಹೊಲಿಗೆ ಬಿಚ್ಚಬೇಕು.

ಈ ಸಲ ಆರಿಸಿದ್ದು ತೆಲುಗು ಮನೆಯಿಂದ ಬಂದ ಹೈಮಾವತಿ. ಹಿಂದಿನ ಕಾದಂಬರಿಯ ಕೊನೆಯ ಭಾಗವೇ ಅವಳಿಗೆ ಮೊದಲು ಸಿಕ್ಕಿತ್ತು. "ಕತೇಲಿರೋ ಆ ತಾಯಿ ಕೊನೇಲಿ ಅಳಲ್ಲ ಅಂತ ಗೊತ್ತಿದ್ದೇ ಮೊದಲಿಂದ ಓದಿದೆನಂಡಿ. ಅದಕ್ಕೇ ನನಗೆ ಜಾಸ್ತಿ ಅಳು ಬಂತು" ಎಂದು ಅವಳು ಆಗಷ್ಟೇ ಹೇಳಿದ್ದಳು.

ಹೈಮಾವತಿ ಹೊಸ ಪುಸ್ತಕದ ಬೆನ್ನ ಮೇಲೆ ಬೆರಳಾಡಿಸಿದಳು. ಕತ್ತರಿಯನ್ನು ಅತ್ತೆಗೇ ಹಿಂದಿರುಗಿಸಿದಳು. "ಬೇಡ ಅತ್ತೆ. ಇದೊಂದನ್ನ ಮೊದಲಿಂದ ಕೊನೇವರೆಗೂ ನಾನೇ ಓದ್ತೀನಿ. ಆಮೇಲೆ ಬಿಚ್ಚೋಣ."

"ಅಲ್ಲೀವರೆಗೆ ನಾವೇನು ಓದೋದು?" ಪುಸ್ತಕ ತಂದಿದ್ದ ಬ್ಯಾಂಕಿನ ದಿನಕರ ಗೊಣಗಿದ.

ಸುಲೋಚನಮ್ಮ ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡರು. "ಕಾಯ್ರಿ," ಎಂದರು. "ನನ್ನ ಸೊಸೆ ಕನ್ನಡ ಓದ್ತಿದಾಳೆ."