ಇನ್ನೊಂದು ಬಾಜು

ಕುಂಕುಮ ಹಿಡಿದ ಮೃಣಾಲ ಮೇಡಂ ಅವರ ಬೆರಳು ಗುರುಸಿದ್ದವ್ವನ ವಿಭೂತಿ ಹಣೆಯ ಮುಂದೆ ಗಕ್ಕನೆ ನಿಂತಿತು. "ಅಯ್ಯ, ನಿಮ್ಮ ಮಾಲಕರು ತೀರಿಕೊಂಡಾರಲ್ರಿ, ಮರತಿದ್ದೆ" ಎಂದವರೇ ಪಕ್ಕದ ಕುರ್ಚಿಯ ಚಂಪಾಬಾಯಿಗೆ ಹಚ್ಚಿ ಮುಂದೆ ಹೋದರು.

ಗಡಹಿಂಗ್ಲಜದ ಆ ಹೈಸ್ಕೂಲಿನಲ್ಲಿ ಪುರಾಣ ಮತ್ತು ಚರ್ಚೆ ಎಂಬ ಐಚ್ಛಿಕ ವಿಷಯ ಕಲಿಸುವವರು ಮೇಡಂ ಅವರೇ. 'ನಮ್ಮ ಪುರಾಣಗಳು ಹೆಣ್ಣನ್ನು ಗೌರವಿಸಿವೆ' ಎಂದು ಅವರು ಕಲಿಸಿದಂತೆಯೇ ವಾದಿಸಿ, ಗುರುಸಿದ್ದವ್ವನ ಮೊಮ್ಮಗಳು ರುತುಜಾ ಈಗಷ್ಟೇ ಚರ್ಚಾಸ್ಪರ್ಧೆಯ ಕಪ್ ಗೆದ್ದಿದ್ದಳು. ಮೇಡಂ ಅವಳ ಬಾಯಿಗಿಟ್ಟ ಪೇಢೆ ಇನ್ನೂ ಕರಗಿರಲಿಲ್ಲ. ಬಂದ ಹೆಂಗಸರಿಗೆಲ್ಲ ಕುಂಕುಮ ಹಚ್ಚುವುದು ಅದೇ ಸಂತೋಷಕ್ಕೆ.

"ಚಲೋ ಆತ್ ಬಿಡ್ರಿ ಬಾಯಾರ" ಎಂದು ಗುರುಸಿದ್ದವ್ವ ನಕ್ಕಳು. "ನನ್ನ ಹಣಿ ಮುಟ್ಟಿದ್ರ ನಿಮ್ಮ ಬೆರಳ ಸುಟ್ಟು, ಸೀರಿ ಸುಟ್ಟು, ಕೊಲ್ಹಾಪುರತನಕಾ ಬೆಂಕಿ ಹತ್ತತಿತ್ತು!"

ಹೆಂಗಸರೆಲ್ಲ ಗೊಳ್ಳೆಂದರು. ಮೇಡಂ ಕೂಡ ನಕ್ಕರು. "ಆಜಿ ಭಾಳ ಗಮ್ಮತ್ತಿನವರ ಅದಾರ. ರೂಢಿ ರೀ, ನಾ ಏನ್ ಮಾಡ್ಲಿ?"

ನಗುನಗುತ್ತಲೇ ಗುರುಸಿದ್ದವ್ವ ಸೆರಗನ್ನು ಹುಬ್ಬಿನವರೆಗೆ ಎಳೆದು ಹಣೆ ಮುಚ್ಚಿಕೊಂಡಳು. ವೇದಿಕೆಯ ಮೇಲಿದ್ದ ರುತುಜಾ ಅದನ್ನು ಕಂಡಳು. ಬಾಯೊಳಗಿನ ಪೇಢೆ ಹಳಸಿದ ಅನ್ನದಂತಾಯಿತು. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಹೊಳೆಯುವ ಕಪ್ಪಿನೊಳಗೆ ಥೂ ಎಂದು ಉಗುಳಿ, ಮೈಕು ಎಳೆದುಕೊಂಡಳು.

"ಮೇಡಂ, ಕುಂಕುಮದ ತಾಟು ಕೆಳಗಿಟ್ಟು ಕುಂದರ್ರಿ. ಈಗ ನಾ ಇನ್ನೊಂದು ಬಾಜು ಮಾತಾಡ್ತೇನಿ."